ಬೆಂದ್ರ್ ತೀರ್ಥ: ಬೆಂಕಿಯಿಲ್ಲದೆ ಕಾದ ನೀರು

ಸ್ನಾನಕ್ಕೆ ಬಿಸಿನೀರು ಬೇಕಾದಾಗ ಪಟ್ಟಣವಾಸಿಗಳಾದ ನಾವು ಗುಂಡಿಯೊತ್ತುತ್ತೇವೆ. ನಮ್ಮ ಹಿರಿಯರು ಹಂಡೆಯ ಕೆಳಗೆ ಸೌದೆಯುರಿಸುತ್ತಿದ್ದರು. ಈ ಎರಡರ ಹಂಗೂ ಇಲ್ಲದೆ ನೆಲದೊಳಗಿನಿಂದ ತಾನಾಗಿಯೇ ಬಿಸಿನೀರು ಉಕ್ಕುವ ಸ್ಥಳವೊಂದು ನಮ್ಮ ನಾಡಿನಲ್ಲಿಯೇ ಉಂಟು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿಗೆ ಸೇರಿದ ಇರ್ದೆ ಗ್ರಾಮದ ಬೆಂದ್ರ್ ತೀರ್ಥವೇ ಅದು. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು.

ಜ್ಞಾನಭಾರತಿಯ ನಮ್ಮ ಮನೆಯಿಂದ ಹೊರಟು, ಘಟ್ಟವನ್ನಿಳಿದು, ಪುತ್ತೂರಿನಿಂದ ಪಾಣಾಜೆಯ ಕಡೆಗೆ ಹೋಗುವ ದಾರಿಯನ್ನು ಹಿಡಿದು ನಾನು ಅಲ್ಲಿಗೆ ಹೋಗಿದ್ದೆನು. ಸುತ್ತಲೂ ಗುಡ್ಡಗಳು, ಅಡಕೆಯ ತೋಟಗಳು. ಹೊಳೆಯ ದಡದಲ್ಲಿ ಒಂದು ಸಣ್ಣ ಕೊಳ. ಹತ್ತಿರ ಹೋದಂತೆ ಗಂಧಕದ ವಾಸನೆ. ಹೊಳೆಯ ನೀರನ್ನು ಮುಟ್ಟಿ, ಮರುಕ್ಷಣವೇ ಕೊಳದಲ್ಲಿ ಕೈಯದ್ದಿದರೆ ವ್ಯತ್ಯಾಸವು ಸ್ಪಷ್ಟವಾಗುವುದು. ಆದರೆ ಕೈ ಸುಡುವ ಬಿಸಿಯಲ್ಲ. ಇಲ್ಲಿನ ಉಷ್ಣಮಾನವು ಸುಮಾರು 37ರಿಂದ 40 ಡಿಗ್ರಿ ಸೆಂಟಿಗ್ರೇಡೆಂದು ಹೇಳುವರು. ಎಂದರೆ ನಮ್ಮ ಮೈಯ ಶಾಖಕ್ಕೆ ಸಮ, ಅಥವಾ ತುಸು ಹೆಚ್ಚು. ಹಿಮಾಲಯದ ಮಣಿಕರಣದಲ್ಲಿ ಬುಗ್ಗೆಯ ನೀರಿನಲ್ಲಿಯೇ ಅನ್ನ ಬೇಯಿಸುವರು. ಅದರ ಮುಂದೆ ಇದು ಸಾಧು ಸ್ವಭಾವದ್ದು.

ಈ ಶಾಖವು ಎಲ್ಲಿಂದ ಬಂದಿತು? ಜ್ವಾಲಾಮುಖಿಯೆಂದು ಥಟ್ಟನೆ ಹೇಳಬೇಡಿ. ಇಲ್ಲಿ ಅಂಥದೇನೂ ಇಲ್ಲ. ಭೂಮಿಯ ಆಳಕ್ಕೆ ಇಳಿದಂತೆಲ್ಲ ಬಂಡೆ ಬಿಸಿಯಾಗುತ್ತ ಹೋಗುವುದು ಪ್ರಕೃತಿನಿಯಮ. ಇದರ ಸಾಕ್ಷ್ಯವು ನಮಗೆ ಸಮೀಪದಲ್ಲಿಯೇ ಇದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಹೋಗಿದ್ದವು. ಆ ತಳದಲ್ಲಿ ಬಂಡೆಯ ಉಷ್ಣಮಾನವು 60 ಡಿಗ್ರಿಯನ್ನು ಮೀರಿತ್ತು. ಸ್ಥೂಲವಾಗಿ ಕಿಲೋಮೀಟರಿಗೆ ಹನ್ನೆರಡು ಡಿಗ್ರಿಯ ಏರಿಕೆ ಎಂದಾಯಿತು. ಬೆಂದ್ರ್ ತೀರ್ಥದ ನೀರು ಆ ಕಡೆಯ ಸಾಮಾನ್ಯ ಬಾವಿಯ ನೀರಿಗಿಂತ ಹತ್ತು ಡಿಗ್ರಿಯಷ್ಟು ಬಿಸಿ ಎಂದುಕೊಂಡರೆ, ಅದು ಹೆಚ್ಚುಕಡಿಮೆ ಒಂದು ಕಿಲೋಮೀಟರಿನ ಆಳವನ್ನು ಕಂಡು ಬಂದಿರಬೇಕು. ಇದು ಅಂದಾಜೇ ಹೊರತು ಅಳತೆಯಲ್ಲ. ಆದರೂ ಕ್ರಮವು ಇದರಿಂದ ಮನದಟ್ಟಾಗುವುದು.

ಗುಡ್ಡಗಳ ಮೇಲೆ ಬಿದ್ದ ಮಳೆಯು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ, ಆಳದಲ್ಲಿ ಕಾಯುತ್ತದೆ, ಎತ್ತರದಲ್ಲಿರುವ ನೀರಿನ ಒತ್ತಡದಿಂದ ಬೇರೊಂದು ಬಿರುಕನ್ನು ಹಿಡಿದು ಮೇಲೇರುತ್ತದೆ. ದಾರಿಯಲ್ಲಿ ಆರಿಹೋಗದಷ್ಟು ಬೇಗ ಮೇಲೆ ಬಂದರೆ ಮಾತ್ರ ಅದು ಬಿಸಿನೀರಿನ ಬುಗ್ಗೆ. ಬಿಸಿನೀರು ಬಂಡೆಯಿಂದ ಲವಣಗಳನ್ನೂ ಮರಳಿನ ಸತ್ತ್ವವಾದ ಸಿಲಿಕವನ್ನೂ ತಣ್ಣೀರಿಗಿಂತ ಸುಲಭವಾಗಿ ಕರಗಿಸಿಕೊಳ್ಳುತ್ತದೆ. ಮೂಗಿಗೆ ಬಡಿಯುವ ವಾಸನೆಯು ಗಂಧಕವೂ ಜಲಜನಕವೂ ಸೇರಿದ ಅನಿಲದ್ದು.

ಇಲ್ಲಿ ಮಿಂದರೆ ಚರ್ಮರೋಗಗಳು ಗುಣವಾಗುವುವೆಂಬ ನಂಬಿಕೆಯಿದೆ. ಕಜ್ಜಿಗೆ ಗಂಧಕವನ್ನು ವೈದ್ಯರೂ ಬಳಸುತ್ತಾರೆ. ಬೆಚ್ಚನೆಯ ನೀರು ನೊಂದ ಸಂದುಗಳಿಗೆ ಹಿತವೆಂಬುದೂ ನಿಜ. ಆದರೆ ಹಿತ ಬೇರೆ, ಚಿಕಿತ್ಸೆ ಬೇರೆ. ತೀರ್ಥಸ್ನಾನವು ವೈದ್ಯನ ಕೆಲಸವನ್ನು ಮಾಡಲಾರದು.

ಹಿಂದಿರುಗುವ ಮುನ್ನ ಊರಿನ ಹಿರಿಯರೊಬ್ಬರು ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ. “ನೀವು ಬರುವುದು ತಡವಾಯಿತು, ಮಾಸ್ತರೇ. ನಾವು ಚಿಕ್ಕವರಿದ್ದಾಗ ಇದ್ದ ಬಿಸಿ ಈಗಿಲ್ಲ. ಸುತ್ತಲೂ ಬೋರ್‌ವೆಲ್ ಆಯಿತು ನೋಡಿ” ಎಂದರು. ಅವರ ಸಂಶಯವು ಶಾಸ್ತ್ರಕ್ಕೆ ವಿರುದ್ಧವಲ್ಲ. ಆಳದ ಕೊಳವೆ ಬಾವಿಯು ಬುಗ್ಗೆಯ ಬಿರುಕನ್ನೇ ಸಂಧಿಸಿದರೆ ನೀರನ್ನು ಮೇಲೆತ್ತುವ ಒತ್ತಡವು ಕುಗ್ಗುವುದು. ಮೇಲಿನ ತಣ್ಣೀರು ಬಂದು ಬೆರೆಯುವುದು. ಬುಗ್ಗೆ ಮೊದಲು ಆರುತ್ತದೆ, ಅನಂತರ ಬತ್ತುತ್ತದೆ. ತೋಟದವರನ್ನು ದೂರಿ ಪ್ರಯೋಜನವಿಲ್ಲ. ಬೇಸಗೆಯಲ್ಲಿ ಅಡಕೆಯ ಮರಕ್ಕೆ ನೀರು ಬೇಡವೇ? ಬುಗ್ಗೆಯ ಸುತ್ತ ಎಷ್ಟು ದೂರ, ಎಷ್ಟು ಆಳ ಕೊರೆಯಬಹುದೆಂಬುದನ್ನು ಭೂವಿಜ್ಞಾನಿಗಳಿಂದ ಅಳೆಯಿಸಿ ನಿಶ್ಚಯಿಸುವುದೇ ಮಾರ್ಗ.

2024ರ ಬೇಸಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿನ ದಾರಿ ನೋಡುತ್ತ ನಿಂತವರು ನಾವು. ಕಾಣದ ನೀರಿಗೂ ಲೆಕ್ಕವುಂಟೆಂಬುದನ್ನು ನಮಗೆ ಬೇರೆಯವರು ಹೇಳಬೇಕಾಗಿಲ್ಲ. ನಮ್ಮ ಬಾವಿ ಬತ್ತಿದರೆ ಇನ್ನೊಂದು ಕಡೆ ಕೊರೆಯಿಸುತ್ತೇವೆ. ಬೆಂದ್ರ್ ತೀರ್ಥ ಆರಿದರೆ ಮತ್ತೆ ಕಾಯಿಸುವ ಒಲೆ ಯಾರ ಮನೆಯಲ್ಲಿಯೂ ಇಲ್ಲ.