ಕಾರ್ಮಿಕ ಮಾರುಕಟ್ಟೆ: ಕೂಲಿ, ಋತು, ದೂರ ಮತ್ತು ಕೌಶಲ

"ಕೆಲಸಗಾರರು ಸಿಗುತ್ತಿಲ್ಲ" ಎಂಬುದು ಸಣ್ಣ ಉದ್ಯಮಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಈ ಮಾತು ಅಪೂರ್ಣವಾದುದು. ಯಾವ ಕೂಲಿಗೆ, ಯಾವ ಋತುವಿನಲ್ಲಿ, ಎಷ್ಟು ದೂರದಿಂದ, ಯಾವ ಕೌಶಲದವರು ಸಿಗುತ್ತಿಲ್ಲ ಎಂಬುದು ತಿಳಿದಾಗ ಮಾತ್ರ ಪರಿಹಾರ ಸಾಧ್ಯ. ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕುಗಳು ಇದಕ್ಕೆ ಉತ್ತಮ ನಿದರ್ಶನ.

ಬೇಡಿಕೆಯ ಮೂಲ

ದುಡಿಮೆಯ ಬೇಡಿಕೆ ಸ್ವತಂತ್ರವಾದುದಲ್ಲ. ಅದು ಸರಕಿನ ಬೇಡಿಕೆಯಿಂದ ಹುಟ್ಟುತ್ತದೆ. ನಂಜನಗೂಡಿನ ಕಾರ್ಖಾನೆಗಳಲ್ಲಿ ದಿಢೀರ್ ಕಾಫಿ, ಕಾಗದ, ಔಷಧ ಸಾಮಗ್ರಿ ಹಾಗೂ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡುಗಳು ತಯಾರಾಗುತ್ತವೆ. ಇವುಗಳಿಗೆ ಗಿರಾಕಿ ಹೆಚ್ಚಿದಂತೆ ಕೆಲಸಗಾರರಿಗೂ ಬೇಡಿಕೆ ಹೆಚ್ಚುತ್ತದೆ. ಹೆಚ್ಚುವರಿಯಾಗಿ ನೇಮಿಸಿದ ಒಬ್ಬನಿಂದ ದೊರೆಯುವ ಉತ್ಪನ್ನದ ಮೌಲ್ಯವು ಅವನ ಕೂಲಿಗಿಂತ ಅಧಿಕವಾಗಿರುವವರೆಗೆ ಮಾತ್ರ ಮಾಲೀಕನಿಗೆ ನೇಮಕ ಲಾಭದಾಯಕ.

ಪೂರೈಕೆಯ ಲೆಕ್ಕಾಚಾರ

ಕೆಲಸಗಾರನೂ ಲೆಕ್ಕ ಹಾಕುತ್ತಾನೆ. ತಿ. ನರಸೀಪುರದ ಮಹಿಳೆಯೊಬ್ಬರಿಗೆ ಕಾರ್ಖಾನೆಯಲ್ಲಿ ದಿನಕ್ಕೆ 500 ರೂ. ಕೂಲಿ, ಬಸ್ಸಿಗೆ 60 ರೂ. ವೆಚ್ಚ ಎಂದು ಭಾವಿಸಿದರೆ, ಕೈಗೆ ಉಳಿಯುವುದು 440 ರೂ. ಮಾತ್ರ. ಭತ್ತದ ನಾಟಿ, ಕಟಾವಿನ ಕಾಲದಲ್ಲಿ ಊರಿನ ಗದ್ದೆಯಲ್ಲೇ 450 ರೂ. ದೊರೆತರೆ ಅವರು ಕಾರ್ಖಾನೆಗೆ ಬಾರದಿರುವುದು ಸೋಮಾರಿತನವಲ್ಲ, ವಿವೇಕ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ಈ ಲೆಕ್ಕವನ್ನು ಬದಲಿಸಿತು. ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರ ಪ್ರಯಾಣ ಉಚಿತವಾದುದರಿಂದ, ಮಾಲೀಕನು ಒಂದು ರೂಪಾಯಿ ಹೆಚ್ಚಿಸದಿದ್ದರೂ ಅದೇ 500 ರೂ. ಪೂರ್ತಿಯಾಗಿ ಕೈಸೇರುತ್ತದೆ. ಆದರೆ ಪಾಳಿ ಮುಗಿಯುವ ವೇಳೆಗೆ ಬಸ್ಸಿಲ್ಲದಿದ್ದರೆ ಈ ಅನುಕೂಲ ವ್ಯರ್ಥ.

ಕೌಶಲದ ಮಿತಿ

ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಕಾರ್ಖಾನೆಯಿದೆ. ಮೈಸೂರು ರೇಷ್ಮೆ ಸೀರೆಗೆ ಬೇಕಾದ ಕಚ್ಚಾ ರೇಷ್ಮೆ ಅಲ್ಲಿ ಸಿದ್ಧವಾಗುತ್ತದೆ. ಗೂಡಿನಿಂದ ಎಳೆ ಹಿಡಿದು ಸಮಗಾತ್ರದ ನೂಲು ತೆಗೆಯುವ ಕೈಚಳಕ ಅನುಭವದಿಂದ ಬರುವಂಥದು. ಅದು ಸರ್ಕ್ಯೂಟ್ ಬೋರ್ಡಿನ ಕೆಲಸಕ್ಕೆ ಒದಗದು. ಒಂದು ಕಸುಬಿನವರು ಬಿಡುವಾಗಿದ್ದಾಗಲೇ ಇನ್ನೊಂದರಲ್ಲಿ ಕೊರತೆ ಇರುವುದಕ್ಕೆ ಇದೇ ಕಾರಣ. ತರಬೇತಿ ಪಡೆದವರನ್ನು ನೆರೆಯ ಘಟಕ ಸೆಳೆದುಕೊಂಡೀತೆಂಬ ಭಯದಿಂದ ಸಣ್ಣ ಉದ್ಯಮಿ ತರಬೇತಿಗೆ ಹಿಂಜರಿಯುತ್ತಾನೆ. ಹಲವು ಘಟಕಗಳು ವೆಚ್ಚ ಹಂಚಿಕೊಂಡು ತರಬೇತಿ ನೀಡಿದರೆ ಈ ಭಯ ತಗ್ಗುತ್ತದೆ.

ಉದ್ಯಮಿಗಳು ಗಮನಿಸಬೇಕಾದುದು

ಆದುದರಿಂದ ಕೊರತೆಗೆ ಕೂಲಿ ಏರಿಕೆಯೊಂದೇ ಮದ್ದಲ್ಲ. ಯಂತ್ರಗಳ ವಾರ್ಷಿಕ ದುರಸ್ತಿಯನ್ನು ನಾಟಿ, ಕಟಾವಿನ ವಾರಗಳಿಗೆ ಹೊಂದಿಸುವುದು, ಪಾಳಿಯನ್ನು ಬಸ್ಸಿನ ವೇಳೆಗೆ ಸರಿದೂಗಿಸುವುದು ಕಡಿಮೆ ಖರ್ಚಿನ ಉಪಾಯಗಳು. ಇವೆಲ್ಲವೂ ಆದ ಮೇಲೂ ಜನ ಬಾರದಿದ್ದರೆ, ನೀಡುತ್ತಿರುವ ಕೂಲಿ ಮಾರುಕಟ್ಟೆಯ ದರಕ್ಕಿಂತ ಕಡಿಮೆಯೆಂದೇ ತಿಳಿಯಬೇಕು.