ಮೂಕಿ ಮುಗಿದಾಗ ಕೇಳಿಸಿದ ಬೀಳಗಿಯ ದನಿ

ವಿಜಯಪುರದ ಅಮೀರ್ ಟಾಕೀಸ್ ಹೆಸರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಹೊಸದೇನಲ್ಲ. ಆದರೆ ಈ ‘ಅಮೀರ್’ ಯಾರು ಅಂತ ಕೇಳಿದರೆ ನನ್ನ ವಯಸ್ಸಿನ ಬಹುತೇಕರು ‘ಯಾರೋ ಸಾಹುಕಾರ ಇರಬೇಕು’ ಅಂತಾರೆ. ಅಲ್ಲ, ಆಕೆ ಹೆಣ್ಣುಮಗಳು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ.

ಬೀಳಗಿ ಈಗ ಬಾಗಲಕೋಟೆ ಜಿಲ್ಲೆ. ಆಗ ನಮ್ಮದೇ ವಿಜಾಪುರ ಜಿಲ್ಲೆ. ಹಾಡು, ನಾಟಕ ಮನೆಯಲ್ಲೇ ಇತ್ತು. ಅಕ್ಕ ಗೋಹರ್‌ಬಾಯಿ ಮುಂದೆ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿ ಸೇರಿದರು. ಆ ಕಾಲದ ಕಂಪನಿ ನಾಟಕದಲ್ಲಿ ಮೈಕ್ ಇಲ್ಲ. ಕೊನೇ ಸಾಲಿನವನಿಗೂ ಮುಟ್ಟುವ ಹಾಗೆ ಎದೆ ತುಂಬಿ ಹಾಡಬೇಕು. ಮೂಕಿ ಸಿನಿಮಾಕ್ಕೆ ಈ ಗಂಟಲು ಬೇಕಿರಲಿಲ್ಲ, ಮುಖ ಸಾಕಿತ್ತು.

1931ರಲ್ಲಿ ‘ಆಲಂ ಆರಾ’ ಬಂತು, ಲೆಕ್ಕ ತಿರುಗಿತು. ಇದು ಬರೀ ಬೊಂಬಾಯಿಯ ಕತೆಯಲ್ಲ. ಜರ್ಮನಿಯ ಎಮಿಲ್ ಯಾನಿಂಗ್ಸ್ ನಾಟಕದಿಂದ ಮೂಕಿಗೆ ಹೋದವನು, ಅತ್ಯುತ್ತಮ ನಟನ ಮೊದಲ ಆಸ್ಕರ್ ಗೆದ್ದವನು. ಮಾತು ಬಂದಿದ್ದೇ ತಡ, ಅವನ ಜರ್ಮನ್ ಧಾಟಿಯ ಇಂಗ್ಲಿಷ್ ಹಾಲಿವುಡ್‌ಗೆ ಒಗ್ಗಲಿಲ್ಲ, ದೇಶಕ್ಕೆ ಮರಳಿದ. ಅವನನ್ನು ಮನೆಗೆ ಕಳಿಸಿದ ಟಾಕಿಯೇ ನಮ್ಮ ಕಡೆಯ ಹುಡುಗಿಯನ್ನು ಕರೆಯಿತು. ಯಾಕಂದ್ರೆ ಶುರುವಿನಲ್ಲಿ ಪರದೆ ಮೇಲೆ ಕಾಣುವವರೇ ಹಾಡಬೇಕಿತ್ತು.

1934ರ ‘ವಿಷ್ಣುಭಕ್ತಿ’ಯಿಂದ ಆರಂಭ. ನಿಜವಾದ ಹೆಸರು ಬಂದಿದ್ದು 1943ರಲ್ಲಿ, ಬಾಂಬೆ ಟಾಕೀಸ್‌ನ ‘ಕಿಸ್ಮತ್’ನಿಂದ. ಸಂಗೀತ ಅನಿಲ್ ಬಿಸ್ವಾಸ್. ಕಲ್ಕತ್ತೆಯ ರಾಕ್ಸಿಯಲ್ಲಿ ಅದು 3 ವರ್ಷಕ್ಕೂ ಹೆಚ್ಚು ಓಡಿತು. ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದ ಒಂದು ಹಾಡಿನಲ್ಲಿ ಬೈಗುಳ ಜರ್ಮನರಿಗೆ, ಜಪಾನಿಯರಿಗೆ. ಯುದ್ಧಕಾಲದ ಸೆನ್ಸಾರ್ ಬಿಟ್ಟಿತು. ಜನಕ್ಕೆ ಗೊತ್ತಿತ್ತು, ಅದು ಬ್ರಿಟಿಷರಿಗೆ ಅಂತ! ಮರುವರ್ಷ ನೌಷಾದ್ ಸಂಗೀತದ ‘ರತನ್’. ಗುಜರಾತಿಯಲ್ಲೂ ಹಾಡಿದರು. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದು 1973ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ ಹಿಂದಿ ಸಿನಿಮಾದಲ್ಲಿ ‘ಕರ್ನಾಟಕಿ’ ಮನೆಮಾತು.

ಆದರೆ ಹಾಡುವವರು ಬೇರೆ, ನಟಿಸುವವರು ಬೇರೆ ಆಗುತ್ತಾ ಬಂದರು. ಮೈಕ್ ಹತ್ತಿರ ನಿಂತು ಮೆಲ್ಲಗೆ ಹಾಡಿದರೂ ಸಾಕಾಯಿತು. 1949ರಲ್ಲಿ ‘ಮಹಲ್’, ‘ಬರ್ಸಾತ್’ ಬಂದ ಮೇಲೆ ಎಲ್ಲರಿಗೂ ಲತಾ ಅವರ ಸಣ್ಣ ದನಿಯೇ ಬೇಕು. ಕಂಪನಿ ನಾಟಕದ ತುಂಬುಗಂಟಲಿಗೆ ಬೇಡಿಕೆ ಇಳಿಯಿತು. ಅಮೀರ್‌ಬಾಯಿ ಸುಮ್ಮನೆ ಕೂರಲಿಲ್ಲ, ಪೋಷಕ ಪಾತ್ರಗಳಿಗೆ ಹೊರಳಿದರು. (ನಾವು ಐಟಿಯವರು ಹೊಸ ಫ್ರೇಮ್‌ವರ್ಕ್ ಬಂದರೇ ಗೊಣಗ್ತೀವಿ.) 1965ರ ಮಾರ್ಚ್‌ನಲ್ಲಿ ತೀರಿಕೊಂಡರು, ಮಣ್ಣು ಮಾಡಿದ್ದು ವಿಜಯಪುರದಲ್ಲೇ.

ಪೂರ್ತಿ ತಿಳಿಯಬೇಕೆನ್ನುವವರಿಗೆ ರಹಮತ್ ತರೀಕೆರೆಯವರ ಪುಸ್ತಕ ಇದೆ. ಓದೋಕೆ ಮೊದಲು ಇಯರ್‌ಫೋನ್ ಹಾಕಿಕೊಂಡು ‘ಕಿಸ್ಮತ್’ನ ಹಾಡು ಕೇಳಿ, ಬೆನ್ನಿಗೇ ‘ಮಹಲ್’ನದು. ಆರು ವರ್ಷದಲ್ಲಿ ಏನು ಬದಲಾಯ್ತು ಅಂತ ಕಿವಿಗೇ ಗೊತ್ತಾಗುತ್ತೆ.