ಪಾಲಿಗೆ ಬಂದದ್ದು ಪಂಚಾಮೃತ

ಬಿತ್ತುವ ಮೊದಲೇ ರೈತನ ಕೈಗೆ ಹಣ, ಬೆಳೆದ ಮೇಲೆ ಮನೆಮನೆಗೆ ಪಾಲು. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಈ ಪದ್ಧತಿ ಶುರುವಾಗಿ ಸುಮಾರು ನಲವತ್ತು ವರ್ಷ. ಅಲ್ಲಿನ ಸಣ್ಣ ತರಕಾರಿ ತೋಟಗಳಿಗೆ ಶರತ್ಕಾಲ ಸುಗ್ಗಿಯೂ ಹೌದು, ವರ್ಷದ ಲೆಕ್ಕ ಚುಕ್ತಾ ಆಗುವ ಹೊತ್ತೂ ಹೌದು.

ಸೆಪ್ಟೆಂಬರ್ ಮುಗಿಯುತ್ತ ಬಂತೆಂದರೆ ಮ್ಯಾಸಚೂಸೆಟ್ಸ್, ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್‌ಗಳ ತರಕಾರಿ ಬೆಳೆಗಾರರಿಗೆ ಹವಾಮಾನ ವರದಿಯದೇ ಧ್ಯಾನ. ಮೋಡ, ಗಾಳಿ ಎರಡೂ ಇಲ್ಲದ ಒಂದು ರಾತ್ರಿ ಸಾಕು. ಇಬ್ಬನಿ ಹೆಪ್ಪುಗಟ್ಟಿ ಟೊಮೆಟೊ, ಬದನೆ, ದೊಣ್ಣೆಮೆಣಸು, ಬೇಸಿಲ್ ಎಲ್ಲವೂ ಬೆಳಗಾಗುವಷ್ಟರಲ್ಲಿ ಕಪ್ಪಿಟ್ಟು ಮಲಗಿರುತ್ತವೆ. ಮುನ್ಸೂಚನೆ ಸಿಕ್ಕ ಸಂಜೆ ಕಣ್ಣು ಕಾಣುವವರೆಗೂ ಕೊಯ್ಲು. ಹಸಿರು ಟೊಮೆಟೊ ಕೂಡ ಕ್ರೇಟು ಸೇರುತ್ತದೆ. ಸೊಪ್ಪಿನ ಸಾಲುಗಳ ಮೇಲೆ ತೆಳುವಾದ ಬಿಳಿ ಬಟ್ಟೆ ಎಳೆದು, ಹಾರದಂತೆ ಅಂಚಿಗೆ ಮರಳಿನ ಚೀಲ ಇಡುತ್ತಾರೆ.

ಅದೇ ಚಳಿ ಇನ್ನು ಕೆಲವಕ್ಕೆ ವರ. ಕ್ಯಾರೆಟ್, ಪಾರ್ಸ್‌ನಿಪ್ ಗಡ್ಡೆಗಳು ತಮ್ಮಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿಸಿಕೊಳ್ಳುತ್ತವೆ. ಕೇಲ್ ಸೊಪ್ಪಿನಲ್ಲೂ ಸಕ್ಕರೆ ಹೆಚ್ಚುತ್ತದೆ. ಸಕ್ಕರೆ ಬೆರೆತ ಜೀವರಸ ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಗಿಡ ತನ್ನ ಜೀವ ಉಳಿಸಿಕೊಳ್ಳಲು ಮಾಡಿದ ಉಪಾಯ ತಿನ್ನುವವರ ಬಾಯಿಗೆ ಸಿಹಿ.

ಮೊದಲು ಹಣ, ಆಮೇಲೆ ಬೆಳೆ

ಈ ಪದ್ಧತಿಯ ಹೆಸರು ಸಮುದಾಯ ಬೆಂಬಲಿತ ಕೃಷಿ, ಅಲ್ಲಿನವರ ಬಾಯಲ್ಲಿ ಸಿಎಸ್‌ಎ. ಚಳಿಗಾಲ ಅಥವಾ ವಸಂತದಲ್ಲೇ ಪ್ರತಿ ಕುಟುಂಬ ಇಡೀ ಋತುವಿನ ಪಾಲಿಗೆಂದು ಕೆಲವು ನೂರು ಡಾಲರ್ ಕಟ್ಟುತ್ತದೆ. ಬೀಜ, ಗೊಬ್ಬರ, ಕೂಲಿಗೆ ಖರ್ಚು ಮಾಡಬೇಕಾದ ಹೊತ್ತಿಗೆ ರೈತನ ಕೈಯಲ್ಲಿ ಹಣವಿರುತ್ತದೆ, ಸಾಲ ತಪ್ಪುತ್ತದೆ. ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್ ಅಥವಾ ನವೆಂಬರ್‌ವರೆಗೆ ವಾರಕ್ಕೊಮ್ಮೆ ತರಕಾರಿ.

ಅಮೆರಿಕದಲ್ಲಿ ಇದು ಬೇರುಬಿಟ್ಟದ್ದು 1986ರಲ್ಲಿ, ಎರಡು ಕಡೆ. ಮ್ಯಾಸಚೂಸೆಟ್ಸ್‌ನ ದಕ್ಷಿಣ ಎಗ್ರಿಮಾಂಟ್‌ನ ಇಂಡಿಯನ್ ಲೈನ್ ಫಾರ್ಮ್‌ನಲ್ಲಿ ರಾಬಿನ್ ವ್ಯಾನ್ ಎನ್, ಸ್ವಿಟ್ಜರ್ಲೆಂಡಿನಲ್ಲಿ ಇಂಥ ತೋಟಗಳನ್ನು ಕಂಡು ಬಂದಿದ್ದ ಯಾನ್ ವ್ಯಾಂಡರ್ ಟಯ್ನ್ ಮತ್ತು ಗೆಳೆಯರು ಶುರುಮಾಡಿದರು. ಇನ್ನೊಂದು ನ್ಯೂ ಹ್ಯಾಂಪ್‌ಶೈರ್‌ನ ಟೆಂಪಲ್-ವಿಲ್ಟನ್ ತೋಟ. ಅಲ್ಲಿ ಪಾಲಿಗೆ ನಿಗದಿತ ಬೆಲೆಯೇ ಇಲ್ಲ. ರೈತರು ವರ್ಷದ ಖರ್ಚನ್ನು ಸಭೆಯ ಮುಂದಿಡುತ್ತಾರೆ. ಪ್ರತಿ ಮನೆಯವರೂ ಯಥಾಶಕ್ತಿ ಮೊತ್ತ ಬರೆದುಕೊಡುತ್ತಾರೆ. ಕಡಿಮೆ ಬಿದ್ದರೆ ಮತ್ತೊಂದು ಸುತ್ತು. ಜಪಾನಿನಲ್ಲಿ ಇದಕ್ಕೂ ಮುಂಚೆ, 1970ರ ದಶಕದಲ್ಲೇ, ರಾಸಾಯನಿಕವಿಲ್ಲದ ಆಹಾರ ಬೇಕೆಂದ ಗ್ರಾಹಕರು ‘ಟೆಯ್‌ಕೆಯ್’ ಎಂಬ ಹೆಸರಿನಲ್ಲಿ ರೈತರೊಂದಿಗೆ ನೇರ ಒಪ್ಪಂದ ಮಾಡಿಕೊಂಡಿದ್ದರು.

ತೊಟ್ಟು ಹಿಡಿದು ಎತ್ತಬಾರದು

ಶರತ್ಕಾಲದ ಕೊಯ್ಲಿನಲ್ಲಿ ಕಣ್ಣು ತುಂಬುವುದು ಬಟರ್‌ನಟ್‌ನಂಥ ಚಳಿಗಾಲದ ಕುಂಬಳಗಳು. ಉಗುರು ಊರಿದರೆ ಸಿಪ್ಪೆಗೆ ಇಳಿಯಬಾರದು, ಆಗಲೇ ಬಲಿತ ಲೆಕ್ಕ. ತೊಟ್ಟನ್ನು ಕಾಯಿಗೇ ಉಳಿಸಿ ಕತ್ತರಿಯಿಂದ ಬಳ್ಳಿ ಕತ್ತರಿಸಬೇಕು. ಹೊಸದಾಗಿ ಬಂದವರಿಗೆ ಹೇಳುವ ಮೊದಲ ಮಾತು: ಕಾಯಿಯ ಹೊಟ್ಟೆಗೆ ಕೈಹಾಕಿ ಎತ್ತು, ತೊಟ್ಟಿಗಲ್ಲ. ತೊಟ್ಟು ಮುರಿದರೆ ಆ ಗಾಯದಿಂದಲೇ ಕೊಳೆ ಒಳಹೊಗುತ್ತದೆ. ಮುರಿದವನ್ನು ಬೇರೆ ಮಾಡಿ ಆ ವಾರವೇ ಹಂಚುತ್ತಾರೆ. ಉಳಿದವನ್ನು ಹಸಿರುಮನೆಯ ಬೆಚ್ಚನೆ ಗಾಳಿಯಲ್ಲಿ ಸುಮಾರು ಹತ್ತು ದಿನ ಹದಗೊಳಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಆಲೂಗಡ್ಡೆಗೆ ಬೇರೆ ಲೆಕ್ಕ: ಬಳ್ಳಿ ಒಣಗಿದ ಮೇಲೂ ಸಿಪ್ಪೆ ಬಲಿಯಲು ಎರಡು ವಾರ ಮಣ್ಣಲ್ಲೇ ಬಿಟ್ಟು, ಅಗೆದ ಮೇಲೆ ಬೆಳಕು ತಾಗದಂತೆ ಕತ್ತಲಲ್ಲಿಡಬೇಕು. ಕ್ಯಾರೆಟ್‌ಗೆ ಶೂನ್ಯ ಡಿಗ್ರಿಯ ಆಸುಪಾಸಿನ ತಂಪೂ ಬೇಕು, ತೇವವೂ ಬೇಕು.

ಕಪ್ಪುಹಲಗೆಯ ಪಟ್ಟಿ

ಹಂಚಿಕೆಯ ದಿನ ಕೊಟ್ಟಿಗೆಯ ಬಾಗಿಲಲ್ಲಿ ಕಪ್ಪುಹಲಗೆ. ಕ್ಯಾರೆಟ್ ಎರಡು ಪೌಂಡ್, ಎಲೆಕೋಸು ಒಂದು, ಕೇಲ್ ಒಂದು ಕಟ್ಟು. ಪಾಲುದಾರರು ತಾವೇ ತೂಗಿಕೊಂಡು ಚೀಲ ತುಂಬಿಕೊಳ್ಳುತ್ತಾರೆ. ಮೂಲೆಯಲ್ಲಿ ಅದಲು-ಬದಲಿನ ಬುಟ್ಟಿ. ಬೇಡದ್ದನ್ನು ಅಲ್ಲಿಟ್ಟು ಬೇಕಾದದ್ದನ್ನು ಒಯ್ಯಬಹುದು. ಎಷ್ಟೋ ಅಮೆರಿಕನ್ನರಿಗೆ ಒಗಟಾಗುವ ನವಿಲುಕೋಸು ಕನ್ನಡದ ಮನೆಗಳಿಗೆ ಹಳೆಯ ನೆಂಟ. ಸಾಂಬಾರು, ಪಲ್ಯ ಗೊತ್ತಿದ್ದವರಿಗೆ ಆ ಬುಟ್ಟಿಯೇ ಲಾಭ!

ಎಲ್ಲರಿಗೂ ಇದು ಒಗ್ಗುವುದಿಲ್ಲ. ತಿನ್ನಲು ಬೇಕಾದ್ದನ್ನು ಆರಿಸುವ ರೂಢಿಯವರಿಗೆ ಬಂದದ್ದನ್ನು ಅಡುಗೆ ಮಾಡುವುದು ಕಷ್ಟ. ಮೂರನೇ ವಾರವೂ ಟರ್ನಿಪ್ ಬಂದರೆ ಬೇಸರ. ಹಾಗಾಗಿ ಪಾಲು ನವೀಕರಿಸದೆ ಬಿಡುವವರು ಪ್ರತಿವರ್ಷವೂ ಇರುತ್ತಾರೆ, ರೈತ ಪ್ರತಿ ಚಳಿಗಾಲವೂ ಹೊಸಬರನ್ನು ಹುಡುಕಬೇಕಾಗುತ್ತದೆ.

ನಷ್ಟದಲ್ಲೂ ಪಾಲು

ಈ ಪದ್ಧತಿಯ ನಿಜವಾದ ಪರೀಕ್ಷೆ ಬೆಳೆ ಕೈಕೊಟ್ಟ ವರ್ಷ. 2009ರ ಮಳೆ ಹಿಡಿದ ಬೇಸಿಗೆಯಲ್ಲಿ ಅಂಗಮಾರಿ ರೋಗ ಈಶಾನ್ಯ ರಾಜ್ಯಗಳ ಟೊಮೆಟೊ ತೋಟಗಳನ್ನು ಹಾಳುಗೆಡವಿತು. 2011ರ ಆಗಸ್ಟ್ ಕೊನೆಯಲ್ಲಿ ಐರೀನ್ ಚಂಡಮಾರುತದ ಮಳೆಗೆ ವಿನೂಸ್ಕಿ ನದಿ ಉಕ್ಕಿ, ವರ್ಮಾಂಟ್‌ನ ಬರ್ಲಿಂಗ್ಟನ್ ನಗರದ ಇಂಟರ್‌ವೇಲ್ ಬಯಲಿನ ತೋಟಗಳು ಮುಳುಗಿದವು. ನೆರೆನೀರು ಸೋಕಿದ ತರಕಾರಿಯನ್ನು ತಿನ್ನಲು ಕೊಡುವಂತಿಲ್ಲ. ಶರತ್ಕಾಲದ ಸುಗ್ಗಿ ಹೊಲದಲ್ಲೇ ಉಳಿಯಿತು. 2023ರ ಜುಲೈಯಲ್ಲಿ ಮತ್ತೆ ಅದೇ ಕಥೆ. ಆ ಬಯಲಲ್ಲೇ ಇರುವ ಇಂಟರ್‌ವೇಲ್ ಕಮ್ಯುನಿಟಿ ಫಾರ್ಮ್ ಪಾಲುದಾರರೇ ಒಡೆಯರಾಗಿರುವ ಸಹಕಾರಿ ತೋಟ. ಮಾರುಕಟ್ಟೆಗೆ ಬೆಳೆಯುವ ರೈತ ಇಂಥ ಹೊಡೆತವನ್ನು ಒಬ್ಬನೇ ತಿನ್ನಬೇಕು. ಇಲ್ಲಿ ಅದು ಹಲವು ಮನೆಗಳಿಗೆ ಹಂಚಿಹೋಗುತ್ತದೆ.

ಅಕ್ಟೋಬರ್‌ನಲ್ಲಿ ತೋಟ ಖಾಲಿಯಾಗುತ್ತಿದ್ದಂತೆ ಬೆಳ್ಳುಳ್ಳಿ ನಾಟಿ. ಎಸಳು ಬಿಡಿಸಿ, ಮೊನೆ ಮೇಲಾಗುವಂತೆ ಊರಿ, ಒಣಹುಲ್ಲು ಹೊದಿಸುತ್ತಾರೆ. ಕೀಳುವುದು ಮುಂದಿನ ಜುಲೈಗೆ. ಬರಿದಾದ ಮಡಿಗಳಿಗೆ ಚಳಿಗಾಲದ ರೈ ಧಾನ್ಯ ಬಿತ್ತುತ್ತಾರೆ, ಮಣ್ಣು ಕೊಚ್ಚಿಹೋಗದಿರಲೆಂದು. ಎಷ್ಟೋ ತೋಟಗಳಲ್ಲಿ ವರ್ಷದ ಕೊನೆಯ ಪಾಲು ನವೆಂಬರ್‌ನ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದಡುಗೆಗೆ.

ನಮ್ಮಲ್ಲಿ ಬೆಲೆ ಬಿದ್ದಾಗ ಕೋಲಾರದ ಟೊಮೆಟೊ ರಸ್ತೆ ಬದಿಗೆ ಸುರಿಯುತ್ತದೆ, ಏರಿದಾಗ ಪಟ್ಟಣ ಗೊಣಗುತ್ತದೆ. ಎರಡೂ ಸಲ ರೈತ ಒಬ್ಬಂಟಿ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಐವತ್ತು ಮನೆಗಳು ಹತ್ತಿರದ ಒಬ್ಬ ರೈತನಿಗೆ ಬಿತ್ತನೆಗೆ ಮೊದಲೇ ಹಣ ಕೊಟ್ಟು, ಬಂದದ್ದನ್ನು ಹಂಚಿಕೊಳ್ಳಲು ಯಾವ ಸರ್ಕಾರದ ಅನುಮತಿಯೂ ಬೇಕಿಲ್ಲ. ಒಂದೇ ಷರತ್ತು: ಮಳೆ ಕೈಕೊಟ್ಟ ವರ್ಷ ಹಣ ವಾಪಸ್ ಕೇಳಬಾರದು. ಅದಕ್ಕೆ ಒಪ್ಪುವವರು ಈ ಹಿಂಗಾರಿನಲ್ಲೇ ಶುರುಮಾಡಬಹುದು.